ಹಳೇ ಕಂಪ್ಯೂಟರುಗಳ ಬೆನ್ನು ಹತ್ತಿ ಐದು ಊರು

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ. ವಿಜಯನಗರ ಜಿಲ್ಲೆಯ ಈ ಐದು ಊರುಗಳನ್ನು ಸುತ್ತಲು ಬರುವವರು ನೋಡುವ ಜಾಗಗಳು ನಿಮಗೆ ಗೊತ್ತೇ ಇವೆ. ಗುಡೇಕೋಟೆಯ ಕರಡಿಧಾಮ, ಕೊಟ್ಟೂರೇಶ್ವರನ ಗುಡಿ, ಬಾಗಳಿಯ ಕಲ್ಲೇಶ್ವರ, ಮೈಲಾರದ ಕಾರ್ಣಿಕ, ಅಂಕಸಮುದ್ರದ ಹಕ್ಕಿಗಳು. ಎಲ್ಲವೂ ನೋಡಲೇಬೇಕಾದವು. ಆದರೆ ಕಳೆದ ಸುಗ್ಗಿಯಲ್ಲಿ ನಾನು ಸುತ್ತಿದ್ದು ಬೇರೆಯೇ ದಾರಿ. ಒಂದು ಲಾರಿ ಕಾಟಾ, ಒಂದು ಹತ್ತಿ ಮಿಲ್ಲು, ಒಂದು ಪ್ರಿಂಟಿಂಗ್ ಪ್ರೆಸ್ಸು, ಒಂದು ಕಸೂತಿ ಅಂಗಡಿ, ಒಂದು ಕಬ್ಬಿಣದ ವರ್ಕ್‌ಶಾಪು. ಐದರಲ್ಲೂ ದುಡಿಯುವ ಯಂತ್ರ ಒಂದಿದೆ. ಅದರ ಪಕ್ಕದಲ್ಲಿ ಅದಕ್ಕೆ ಬುದ್ಧಿ ಹೇಳುವ, ವಯಸ್ಸಾದ ಕಂಪ್ಯೂಟರ್ ಒಂದಿದೆ.

ನನ್ನನ್ನು ಕರೆದುಕೊಂಡು ಹೋದವನು ನನ್ನ ಅಕ್ಕನ ಮಗ. ಐವತ್ತು ದಾಟಿದ್ದಾನೆ. ಹಳೇ ಕಂಪ್ಯೂಟರ್ ರಿಪೇರಿ ಅವನ ಕಸುಬು. ಬೈಕಿನ ಹಿಂದೆ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಈಗ ಅಂಗಡಿಯಲ್ಲಿ ಸಿಗದ ಕೇಬಲ್ಲು, ಬೋರ್ಡು, ಫ್ಲಾಪಿ. ಹೋದ ವರ್ಷ ಬೈಕಿನಿಂದ ಬಿದ್ದು ಕಾಲು ಮುರಿದು ಮೂರು ವಾರ ಮಂಚದ ಮೇಲಿದ್ದ. ಆ ಮೂರು ವಾರದಲ್ಲಿ ಒಂದು ಮಿಲ್ಲು ನಾಲ್ಕು ದಿನ ನಿಂತುಬಿಟ್ಟಿತು. ವಾಸಿಯಾದ ಮೇಲೆ ನಮ್ಮ ಮನೆಗೆ ಬಂದು, "ಮಾವಾ, ನೀವು ಜೀವಮಾನ ಪೂರ್ತಿ ಲೆಡ್ಜರ್ ಬರೆದೋರು. ನನ್ನ ಯಂತ್ರಗಳಿಗೂ ಒಂದು ಲೆಡ್ಜರ್ ಬರೆದುಕೊಡ್ರಿ. ನನ್ನ ತಲೆಯಾಗ ಇರೋದು ಕಾಗದದ ಮ್ಯಾಲೆ ಬರ್ಲಿ" ಅಂದ.

ನಾನು 1970ರ ದಶಕದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ಆಗಿನ ಲೆಡ್ಜರುಗಳು ಎತ್ತಿಕೊಂಡರೆ ವರ್ಷದ ಮಗುವಿನಷ್ಟು ಭಾರ. ಆಮೇಲೆ ಡಾ. ಸಿ. ರಂಗರಾಜನ್ ಸಮಿತಿಯ ಶಿಫಾರಸಿನಂತೆ ಬ್ಯಾಂಕುಗಳಿಗೆ ಕಂಪ್ಯೂಟರ್ ಬಂತು. ಮೊದಲು ಬಂದದ್ದು ಲೆಡ್ಜರ್ ಪೋಸ್ಟಿಂಗ್ ಮಷಿನ್. ಕಪ್ಪು ಪರದೆ, ಹಸಿರು ಅಕ್ಷರ. ದಿನದ ಕೊನೆಗೆ ಲೆಕ್ಕವನ್ನೆಲ್ಲ ಫ್ಲಾಪಿಗೆ ಪ್ರತಿ ಮಾಡಿ ಇಡಬೇಕಿತ್ತು. ಹಾಗಾಗಿ ಈ ಹಳೇ ಸಾಮಾನುಗಳ ಜತೆ ನನಗೂ ಒಡನಾಟ ಉಂಟು. ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್ಕು, ಎರಡು ಪೆನ್ನು ತೆಗೆದುಕೊಂಡು ಹೊರಟೆ.

ಕೂಡ್ಲಿಗಿ: 1980ಕ್ಕೆ ಓಡಿಹೋಗುವ ಗಡಿಯಾರ

ಕೂಡ್ಲಿಗಿ ಎಂದರೆ ಬಯಲು, ಬಂಡೆಗುಡ್ಡ, ಹುಣಸೆಮರ. ಊರೊಳಗೆ ಗಾಂಧೀಜಿಯವರ ಚಿತಾಭಸ್ಮ ಇಟ್ಟಿರುವ ಸ್ಮಾರಕ. ಊರ ಪಕ್ಕದಲ್ಲೇ ಚಿತ್ರದುರ್ಗ–ಹೊಸಪೇಟೆ ಹೆದ್ದಾರಿ. ಹಗಲೂ ರಾತ್ರಿ ಲಾರಿ. ಲಾರಿ ಇದ್ದ ಕಡೆ ವೇಬ್ರಿಡ್ಜ್ ಇರಲೇಬೇಕು. ಜನ ಅದನ್ನು ಕಾಟಾ ಎನ್ನುತ್ತಾರೆ.

ಕಾಟಾ ಕೆಲಸ ಮಾಡುವ ಬಗೆ ಸರಳ. ನೆಲದ ಮಟ್ಟಕ್ಕೆ ಉಕ್ಕಿನ ಹಾಸು. ಅದರ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ತುಂಡುಗಳು. ಭಾರ ಬಿದ್ದಾಗ ಅವು ಕಣ್ಣಿಗೆ ಕಾಣದಷ್ಟು ಅಮುಕಿಕೊಳ್ಳುತ್ತವೆ. ಆ ಒತ್ತಡ ವಿದ್ಯುತ್ ಸಂಕೇತವಾಗಿ ಕೋಣೆಯೊಳಗಿನ ಇಂಡಿಕೇಟರ್ ಪೆಟ್ಟಿಗೆಗೆ ಬಂದು ಕಿಲೋ ಲೆಕ್ಕದ ಅಂಕಿಯಾಗುತ್ತದೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಕಂಪ್ಯೂಟರ್ ತೂಗುವುದಿಲ್ಲ. ಇಂಡಿಕೇಟರ್ ಹೇಳಿದ್ದನ್ನು ಕೇಳಿ ಬರೆದುಕೊಂಡು, ತುಂಬಿದ ತೂಕದಿಂದ ಖಾಲಿ ತೂಕ ಕಳೆದು ಚೀಟಿ ಕೊಡುತ್ತದೆ, ಅಷ್ಟೆ.

ಹಾಗಾದರೆ ಹೊಸ ಕಂಪ್ಯೂಟರ್ ಇಟ್ಟರಾಯಿತಲ್ಲ ಎಂದು ಕೇಳಿದೆ. ಅಳಿಯ ಇಂಡಿಕೇಟರಿನ ಹಿಂದಿನ ಕೇಬಲ್ ತೋರಿಸಿದ. ಒಂಬತ್ತು ಸೂಜಿಯ ಸೀರಿಯಲ್ ಪೋರ್ಟು. ಇಂದಿನ ಲ್ಯಾಪ್‌ಟಾಪಿಗೆ ಆ ತೂತೇ ಇರುವುದಿಲ್ಲ. ನಡುವೆ ಪರಿವರ್ತಕ ಹಾಕಬಹುದು. ಆದರೆ ಡಾಸ್ ಕಾಲದ ಸಾಫ್ಟ್‌ವೇರಿಗೆ ಎಷ್ಟೋ ಸಲ ಅದು ಕಾಣಿಸುವುದೇ ಇಲ್ಲ. ಮೂಲೆಯಲ್ಲಿ ಕರಕರ ಎನ್ನುತ್ತಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೂಡ ಸುಮ್ಮನೆ ಉಳಿದದ್ದಲ್ಲ. ಅದು ಸೂಜಿಯಿಂದ ಕುಟ್ಟಿ ಬರೆಯುವುದರಿಂದ ಕಾರ್ಬನ್ ಹಾಳೆಯ ಕೆಳಗೂ ಅಕ್ಷರ ಮೂಡುತ್ತದೆ. ರೈತನಿಗೊಂದು, ದಲಾಲರಿಗೊಂದು, ಕಾಟಾದವರಿಗೊಂದು. ಒಂದೇ ಏಟಿಗೆ ಮೂರು ಚೀಟಿ. ಲೇಸರ್ ಪ್ರಿಂಟರಿಗೆ ಇದು ಬರುವುದಿಲ್ಲ.

"ಇಲ್ಲಿಯ ರೋಗ ಬೇರೆ ಐತಿ ಮಾವಾ" ಎಂದು ಅಳಿಯ ಪೆಟ್ಟಿಗೆ ಬಿಚ್ಚಿದ. ಒಳಗೆ ಎಂಟಾಣೆ ಬಿಲ್ಲೆಯಂಥ ಬ್ಯಾಟರಿ, ಸಿಆರ್ 2032. ಕಂಪ್ಯೂಟರ್ ಆರಿಸಿದಾಗಲೂ ಗಡಿಯಾರ ನಡೆಸುವುದು ಇದೇ. ಇದು ಸತ್ತರೆ ಡಾಸ್ ಕಂಪ್ಯೂಟರ್ ಮರುದಿನ ಬೆಳಿಗ್ಗೆ ಎದ್ದು ಇವತ್ತು 1980ರ ಜನವರಿ 1 ಎನ್ನುತ್ತದೆ. ಡಾಸ್‌ನ ಪಂಚಾಂಗ ಶುರುವಾಗುವುದೇ ಆ ದಿನದಿಂದ. ನಗು ಬರುತ್ತದೆ ನಿಜ. ಆದರೆ ಮೆಕ್ಕೆಜೋಳ ತುಂಬಿಕೊಂಡು ಬಂದ ಯುವಕನ ಕೈಗೆ ಅವನು ಹುಟ್ಟುವುದಕ್ಕಿಂತ ಮುಂಚಿನ ತಾರೀಖಿನ ಚೀಟಿ ಬಂದರೆ? ನಾಳೆ ತೂಕದಲ್ಲಿ ತಕರಾರು ಎದ್ದರೆ ಆ ಚೀಟಿಗೆ ಯಾವ ಬೆಲೆ? ತಾರೀಖಿಲ್ಲದ ಚೆಕ್ಕು ಹೇಗೋ ಇದೂ ಹಾಗೆ.

ನನ್ನ ನೋಟ್‌ಬುಕ್ಕಿನ ಮೊದಲ ಪುಟ: "ಬ್ಯಾಟರಿ ಹಾಕಿದ ದಿನ. ಮುಂದೆ ಬದಲಿಸಬೇಕಾದ ದಿನ. ಬೆಳಿಗ್ಗೆ ಮೊದಲ ಚೀಟಿಯ ತಾರೀಖು ನೋಡಿಯೇ ಲಾರಿ ಹತ್ತಿಸಬೇಕು."

ಕೊಟ್ಟೂರು: ಕರೆಂಟ್ ಇರುವಾಗಲೇ ಬಿಚ್ಚಬೇಕು

ಕೊಟ್ಟೂರು ಹಿಂದಿನಿಂದಲೂ ವ್ಯಾಪಾರದ ಊರು. ಹೊಸಪೇಟೆಯಿಂದ ಇಲ್ಲಿಗೆ ಬರುತ್ತಿದ್ದ ಮೀಟರ್ ಗೇಜ್ ರೈಲು ಈಗ ಬ್ರಾಡ್‌ಗೇಜ್ ಆಗಿ ಹರಿಹರದವರೆಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ತಿಂದು ಹತ್ತಿ ಮಿಲ್ಲಿಗೆ ಹೋದೆವು. ಅಳಿಯ ಮಂಚದ ಮೇಲಿದ್ದಾಗ ನಿಂತ ಮಿಲ್ಲು ಇದೇ.

ಮಿಲ್ಲಿನೊಳಗೆ ಮಾತು ಕೇಳಿಸುವುದಿಲ್ಲ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು. ಜಿನ್ನಿಂಗ್ ಯಂತ್ರದ ಉರುಳೆಗಳು ಅರಳೆ ಎಳೆದುಕೊಂಡು ಬೀಜವನ್ನು ಕೆಳಗೆ ಉದುರಿಸುತ್ತವೆ. ಅರಳೆ ಮುಂದಕ್ಕೆ ಹೋಗಿ ಒಂದು ದೊಡ್ಡ ಪ್ರೆಸ್ಸಿನಲ್ಲಿ ಬೀಳುತ್ತದೆ. ಎಣ್ಣೆಯ ಒತ್ತಡದಿಂದ ಪ್ರೆಸ್ಸು ಅದನ್ನು ಅದುಮಿ ಅಂಡಿಗೆ ಕಟ್ಟುತ್ತದೆ. ನಮ್ಮ ದೇಶದಲ್ಲಿ ಒಂದು ಅಂಡಿಗೆ ಎಂದರೆ 170 ಕಿಲೋ.

ಯಾವ ವಾಲ್ವು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವುದು ಗೋಡೆಯ ಮೇಲಿನ ಒಂದು ಪೆಟ್ಟಿಗೆ. ಇದಕ್ಕೆ ಪಿಎಲ್‌ಸಿ ಎನ್ನುತ್ತಾರೆ. 1968–69ರ ಸುಮಾರಿಗೆ ಅಮೆರಿಕದ ಕಾರು ಕಾರ್ಖಾನೆಗಳಿಗಾಗಿ ಹುಟ್ಟಿದ ಸಾಧನ. ನೂರಾರು ಸ್ವಿಚ್ಚು, ವೈರಿನ ಗೋಜಲಿನ ಬದಲು ಒಂದು ಪೆಟ್ಟಿಗೆಯಲ್ಲಿ ಬರೆದ ಆಜ್ಞೆಗಳು. ಹಳೇ ಪಿಎಲ್‌ಸಿಗಳಲ್ಲಿ ಆ ಆಜ್ಞೆಗಳು ಕುಳಿತಿರುವ ಮೆಮೊರಿಗೆ ಸದಾ ವಿದ್ಯುತ್ ಬೇಕು. ಕರೆಂಟ್ ಇರುವಷ್ಟು ಹೊತ್ತು ಚಿಂತೆಯಿಲ್ಲ. ಹೋದಾಗ ಒಳಗಿನ ಪುಟ್ಟ ಬ್ಯಾಟರಿಯೇ ಕಾಯಬೇಕು. ಸುಗ್ಗಿ ಮುಗಿದು ಮಿಲ್ಲು ಬೀಗ ಹಾಕಿಕೊಂಡಿರುವ ತಿಂಗಳುಗಳಲ್ಲೂ ಅದು ದೀಪ ಆರದಂತೆ ನೋಡಿಕೊಳ್ಳುವ ಪೂಜಾರಿಯಂತೆ.

ಆ ದಿನ ಆದದ್ದಿಷ್ಟು. ಪೆಟ್ಟಿಗೆಯ ಮೇಲೆ ಬ್ಯಾಟರಿ ಮುಗಿಯಿತೆಂಬ ಕೆಂಪು ದೀಪ ಹತ್ತಿತು. ಕರೆಸಿದ ಮಿಸ್ತ್ರಿ ಒಳ್ಳೆಯ ಕೆಲಸಗಾರನೇ. ನಾವೆಲ್ಲ ಮಕ್ಕಳಿಗೆ ಹೇಳಿಕೊಡುವಂತೆ ಮೊದಲು ಮೇನ್ ಸ್ವಿಚ್ ಆರಿಸಿದ. ಬ್ಯಾಟರಿ ಬದಲಿಸಿದ. ಸ್ವಿಚ್ ಹಾಕಿದ. ದೀಪ ಹಸಿರಾಯಿತು, ಪ್ರೆಸ್ಸು ಮಾತ್ರ ಅಲುಗಲಿಲ್ಲ. ಬ್ಯಾಟರಿ ಹೊರಗೆ ಬಂದ ಆ ಗಳಿಗೆಯಲ್ಲಿ ಮೆಮೊರಿ ಖಾಲಿಯಾಗಿತ್ತು. ಈ ಪೆಟ್ಟಿಗೆಗೆ ಬ್ಯಾಟರಿಯನ್ನು ಕರೆಂಟ್ ಇರುವಾಗಲೇ ಬದಲಿಸಬೇಕು! ಅದು ಗೊತ್ತಿದ್ದವನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ.

ಮಿಲ್ಲಿನ ಸಾಹುಕಾರರು ನನಗೆ ಕುರ್ಚಿ ಹಾಕಿಸಿ, "ಕುಂದ್ರಿ ಯಜಮಾನ್ರೇ. ನಾಕ್ ದಿನ ಗೇಟಿನ ಮುಂದ ಟ್ರ್ಯಾಕ್ಟರ್ ಸಾಲು ನಿಂತಿದ್ವು. ಮಳಿ ಮೋಡ ಆಗಿತ್ತು. ಹತ್ತಿ ತೊಯ್ದ್ರ ರೇಟ್ ಬೀಳ್ತತಿ. ರೈತ್ರ ಮಾರಿ ನೋಡಾಕ ಆಗ್ಲಿಲ್ಲ" ಅಂದರು. ಅಳಿಯ ಮಂಚದಿಂದಲೇ ಫೋನಿನಲ್ಲಿ ದಾರಿ ಹೇಳಿದ: ತಗಡಿನ ಪೆಟ್ಟಿಗೆ, ಅದರಲ್ಲಿ ಹಳೇ ಲ್ಯಾಪ್‌ಟಾಪು, ಅದರಲ್ಲಿ ಆ ಪ್ರೋಗ್ರಾಮಿನ ಪ್ರತಿ, ಅದನ್ನು ತುಂಬಲು ಒಂದೇ ಒಂದು ಬಗೆಯ ಕೇಬಲ್. ಕೇಬಲ್ ಸಿಕ್ಕಿದ್ದು ನಾಲ್ಕನೇ ದಿನ.

ಈಗ ಪಿಎಲ್‌ಸಿಯ ಬಾಗಿಲ ಮೇಲೆ ಕೆಂಪು ಪೇಂಟಿನಲ್ಲಿ ಕನ್ನಡದಲ್ಲೇ ಬರೆಸಿದ್ದೇವೆ: "ಬ್ಯಾಟರಿ ಬದಲಿಸುವಾಗ ಮೇನ್ ಆರಿಸಬಾರದು. ಪುಸ್ತಕ ಪುಟ 14 ಓದಿ." ಅಂಥ ಕೆಲಸವನ್ನು ತಿಳಿದವರೇ ಮಾಡಬೇಕು, ಮಕ್ಕಳೇ, ನೀವು ಮನೆಯ ಯಾವ ಪೆಟ್ಟಿಗೆಗೂ ಹೀಗೆ ಕೈ ಹಾಕಬೇಡಿ.

ಹರಪನಹಳ್ಳಿ: ಕನ್ನಡ ಮರೆತ ಕಂಪ್ಯೂಟರ್

ಹರಪನಹಳ್ಳಿ ಪಾಳೇಗಾರರ ಊರು. ನಮ್ಮ ಕಾಲದಲ್ಲೂ ಕಡಿಮೆ ತಿರುಗಾಡಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. "ಜಿಲ್ಲೆ ಬದಲಾದಾಗೆಲ್ಲ ಎಲ್ಲರ ಲೆಟರ್‌ಹೆಡ್ಡೂ ಬದಲಾಗ್ತದೆ ಸಾರ್, ನಮಗೆ ಕೆಲಸ" ಎಂದು ಪ್ರೆಸ್ಸಿನವರು ನಕ್ಕರು.

ಅವರ ಆಫ್‌ಸೆಟ್ ಯಂತ್ರಕ್ಕೆ ಮೂವತ್ತು ವರ್ಷ. ರೋಲರ್ ಬದಲಿಸುತ್ತ ಬಂದಿದ್ದಾರೆ, ಈಗಲೂ ಮದುವೆ ಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ರಸೀದಿ ಪುಸ್ತಕ ಅಚ್ಚುಕಟ್ಟಾಗಿ ಬರುತ್ತವೆ. ಅಕ್ಷರ ಜೋಡಿಸುವುದು ಮಾತ್ರ ವಿಂಡೋಸ್ 98 ಇರುವ, ಹಳದಿ ಬಣ್ಣಕ್ಕೆ ತಿರುಗಿದ ಒಂದು ಕಂಪ್ಯೂಟರಿನಲ್ಲಿ.

ಕಾರಣ ನಮ್ಮ ಭಾಷೆಗೆ ಸಂಬಂಧಿಸಿದ್ದು. ಆ ಕಾಲದ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಬಾಡಿಗೆಗೆ ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಬರೀ ಇಂಗ್ಲಿಷ್ ಅಕ್ಷರ, ಆಶ್ಚರ್ಯಸೂಚಕ, ಕೊಕ್ಕೆಗಳ ಗುಂಪು. ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿದ್ದು ಯೂನಿಕೋಡ್‌ನಲ್ಲಿ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು, ಆದರೆ ಅದು ನಮ್ಮ ಪ್ರೆಸ್ಸುಗಳ ತನಕ ಬರಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಇವರು ಸಾವಿರಾರು ಪುಟ ಹಳೇ ಪದ್ಧತಿಯಲ್ಲಿ ಕೂರಿಸಿಬಿಟ್ಟಿದ್ದರು. ಸುತ್ತಲಿನ ಹಳ್ಳಿಗಳ ಜಾತ್ರೆಯ ಹ್ಯಾಂಡ್‌ಬಿಲ್ಲು, ಮಠಗಳ ಸಣ್ಣ ಪುಸ್ತಕ, ಶಾಲೆಗಳ ವಾರ್ಷಿಕ ಸಂಚಿಕೆ.

ಸಾಫ್ಟ್‌ವೇರಿಗೆ ಒಂದು ಬೀಗವೂ ಇದೆ. ಕಂಪ್ಯೂಟರಿನ ಹಿಂದೆ ಪ್ರಿಂಟರ್ ಚುಚ್ಚುವ ಇಪ್ಪತ್ತೈದು ತೂತಿನ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್. ಅದು ಇದ್ದರೆ ಮಾತ್ರ ಸಾಫ್ಟ್‌ವೇರ್ ಬಾಯಿ ಬಿಡುತ್ತದೆ. ಹಳೇ ಕಂಪ್ಯೂಟರ್ ಸತ್ತರೆ ಡಾಂಗಲ್ ಚುಚ್ಚಲು ಜಾಗವಿಲ್ಲ. ಡಾಂಗಲ್ ಸತ್ತರೆ ಕಂಪ್ಯೂಟರ್ ಇದ್ದೂ ಪ್ರಯೋಜನವಿಲ್ಲ.

ಇಲ್ಲಿ ನಾವು ಮಾಡಿದ್ದು ಎರಡು ಕೆಲಸ. ಹಳೇ ಹಾರ್ಡ್ ಡಿಸ್ಕನ್ನು ಇದ್ದಂತೆಯೇ ಎರಡು ಪ್ರತಿ ಮಾಡಿದೆವು. ಆಮೇಲೆ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತರಲು ಶುರುಮಾಡಿದೆವು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ತಪ್ಪು ನುಸುಳುತ್ತದೆ, ಕಣ್ಣಿಟ್ಟು ಓದಲೇಬೇಕು. ಪ್ರೆಸ್ಸಿನವರ ತಾಯಿ, ನಿವೃತ್ತ ಶಾಲಾ ಶಿಕ್ಷಕಿ, ದಿನಕ್ಕೆ ಹತ್ತು ಪುಟ ತಿದ್ದುತ್ತಿದ್ದಾರೆ.

ಹೂವಿನಹಡಗಲಿ: ಫ್ಲಾಪಿಯಲ್ಲಿ ಮಲ್ಲಿಗೆ ಬಳ್ಳಿ

ಹಡಗಲಿಗೆ ಬಂದವರು ಮಲ್ಲಿಗೆ ಕೊಳ್ಳದೆ ಹೋಗುವುದುಂಟೆ? ಭೌಗೋಳಿಕ ಗುರುತು ಪಡೆದ ಮಲ್ಲಿಗೆ ಅದು. ಪೇಟೆಯ ಒಂದು ಓಣಿಯಲ್ಲಿ ಆ ಮಲ್ಲಿಗೆಯನ್ನು ಬಟ್ಟೆಯ ಮೇಲೂ ಅರಳಿಸುವ ಕಸೂತಿ ಅಂಗಡಿ ಇದೆ. ನಡೆಸುವವರು ಒಬ್ಬ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಹಳೇ ಕಸೂತಿ ಯಂತ್ರ ಕೊಂಡು ತಂದರಂತೆ. ಹನ್ನೆರಡು ಸೂಜಿ, ಹನ್ನೆರಡು ಬಣ್ಣದ ದಾರ. ಎಲ್ಲಿ ಚುಚ್ಚಬೇಕು, ಯಾವ ಬಣ್ಣ ಎಂಬ ಲೆಕ್ಕವೆಲ್ಲ ಮೂರೂವರೆ ಇಂಚಿನ ಫ್ಲಾಪಿಯಲ್ಲಿ.

ಇಂದಿನ ಮಕ್ಕಳು ಫ್ಲಾಪಿ ನೋಡಿರಲಾರರು. ಕಂಪ್ಯೂಟರಿನಲ್ಲಿ "ಸೇವ್" ಮಾಡಲು ಒತ್ತುವ ಚಿತ್ರವಿದೆಯಲ್ಲ, ಅದೇ ಇದು. ಹಿಡಿಯುವುದು 1.44 ಎಂಬಿ. ನಿಮ್ಮ ಮೊಬೈಲಿನ ಒಂದು ಫೋಟೊ ಕೂಡ ಎಷ್ಟೋ ಸಲ ಇದರಲ್ಲಿ ಹಿಡಿಸದು. ಆದರೆ ಒಂದು ರವಿಕೆಯ ಬಳ್ಳಿಗೆ ಅಷ್ಟು ಧಾರಾಳವಾಗಿ ಸಾಕು. ಫ್ಲಾಪಿಯ ವೈರಿಗಳು ಧೂಳು, ಬೂಷ್ಟು, ಆಯಸ್ಕಾಂತ.

"ಅಣ್ಣಾ, ಹೋದ ಮಳಿಗಾಲದಾಗ ಆರು ಡಿಸೈನ್ ಹೋದ್ವು. ಲಗ್ನದ ಸೀಸನ್. ಗಿರಾಕಿಗೆ ಏನ್ ಹೇಳ್ಲಿ?" ಎಂದು ಆಕೆ ಅಳಿಯನ ಮುಂದೆ ಬೂಷ್ಟು ಹಿಡಿದ ಫ್ಲಾಪಿಗಳನ್ನು ಇಟ್ಟರು. ಅವನು ಪೆಟ್ಟಿಗೆಯಿಂದ ಒಂದು ಸಾಧನ ತೆಗೆದ. ಫ್ಲಾಪಿ ಡ್ರೈವಿನ ಅಳತೆಯದೇ, ಆದರೆ ಬಾಯಲ್ಲಿ ಪೆನ್‌ಡ್ರೈವ್ ಚುಚ್ಚಬಹುದು. ಒಳಗಿನ ಯಂತ್ರ ಇದನ್ನು ಫ್ಲಾಪಿ ಎಂದೇ ನಂಬುತ್ತದೆ. ಒಂದು ಪೆನ್‌ಡ್ರೈವಿನಲ್ಲಿ ನೂರು ಫ್ಲಾಪಿಯ ಸರಕು. ಒಂದು ಗಂಟೆಯ ಕೆಲಸ. ಗುಂಡಿ ಒತ್ತಿದೊಡನೆ ಸೂಜಿಗಳು ಟಕಟಕ ಎಂದು ಹಸಿರು ರೇಷ್ಮೆಯ ಮೇಲೆ ಬಿಳಿ ಮೊಗ್ಗು ಮೂಡಿಸಿದವು.

ಇಂಥ ಫ್ಲಾಪಿ ನಂಬಿದವರು ಹಡಗಲಿಯಲ್ಲಿ ಮಾತ್ರ ಇದ್ದಾರೆಂದುಕೊಳ್ಳಬೇಡಿ. ಅಮೆರಿಕದ ಅಣ್ವಸ್ತ್ರ ಪಡೆಗೆ ಸಂದೇಶ ಮುಟ್ಟಿಸುವ ವ್ಯವಸ್ಥೆ 2019ರವರೆಗೂ ಎಂಟು ಇಂಚಿನ ಫ್ಲಾಪಿ ಬಳಸುತ್ತಿತ್ತು. ಬೋಯಿಂಗ್ 747-400 ವಿಮಾನಗಳ ದಾರಿ ತೋರಿಸುವ ಮಾಹಿತಿಯನ್ನು 28 ದಿನಕ್ಕೊಮ್ಮೆ ಫ್ಲಾಪಿಯಿಂದ ತುಂಬುತ್ತಿದ್ದುದು 2020ರಲ್ಲಿ ಸುದ್ದಿಯಾಗಿತ್ತು. ಜಪಾನ್ ಸರ್ಕಾರ ತನ್ನ ನಿಯಮಗಳಿಂದ ಫ್ಲಾಪಿಯನ್ನು ತೆಗೆದುಹಾಕಿದ್ದು 2024ರಲ್ಲಿ. ಬಡವರು ಮಾತ್ರ ಹಳೆಯದನ್ನು ಹಿಡಿದುಕೊಂಡಿರುತ್ತಾರೆ ಎಂಬುದು ನಿಜವಲ್ಲ. ನೆಚ್ಚಿಕೆಯ ಯಂತ್ರವನ್ನು ಯಾರೂ ಸುಲಭಕ್ಕೆ ಬಿಡುವುದಿಲ್ಲ.

ಹಗರಿಬೊಮ್ಮನಹಳ್ಳಿ: ಹೊಸದೇಕೆ ಕೊಳ್ಳಬಾರದು?

ಹಗರಿಬೊಮ್ಮನಹಳ್ಳಿಯ ವರ್ಕ್‌ಶಾಪಿನಲ್ಲಿ ನೇಗಿಲು, ಕುಂಟೆ, ಟ್ರೈಲರ್ ಮಾಡುತ್ತಾರೆ. ಅಲ್ಲಿ ದಪ್ಪ ತಗಡನ್ನು ಬೆಂಕಿಯ ನಾಲಿಗೆಯಿಂದ ಕತ್ತರಿಸುವ ಪ್ಲಾಸ್ಮಾ ಯಂತ್ರ ಇದೆ. ಅದರ ಕೈ ಎತ್ತ ಸರಿಯಬೇಕೆಂದು ಹೇಳುವುದು ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್. ಇಂಥ ಸಣ್ಣ ಯಂತ್ರಗಳ ಹಳೇ ಸಾಫ್ಟ್‌ವೇರ್ ಪ್ರಿಂಟರಿನ ಪ್ಯಾರಲಲ್ ಪೋರ್ಟಿನಿಂದಲೇ ಮೋಟಾರಿಗೆ ಸೆಕೆಂಡಿಗೆ ಸಾವಿರಾರು ಮಿಡಿತ ಕಳಿಸುತ್ತದೆ. ತಾಳ ಒಂದಿಷ್ಟು ತಪ್ಪಿದರೂ ನೇಗಿಲ ಗುಳ ಸೊಟ್ಟ. ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೂ ಇಲ್ಲ, ಆ ತಾಳವೂ ಇಲ್ಲ.

ಮಾಲೀಕರನ್ನು ಕೇಳಿದೆ, ಎಲ್ಲ ಹೊಸದನ್ನೇ ಕೊಳ್ಳಬಾರದೇಕೆ? ಅವರು ಯಂತ್ರದ ಉಕ್ಕಿನ ಹಾಸನ್ನು ತಟ್ಟಿ, "ಇದು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರ್ತತಿ ಸಾರ್. ಕಂಪ್ಯೂಟರ್ ಹಳೇದಾತು ಅಂತ ಎತ್ತು, ಗಾಡಿ ಎರಡೂ ಮಾರ್ಲೇನು?" ಅಂದರು. ಕಬ್ಬಿಣದ ಆಯುಸ್ಸು ಮೂವತ್ತು, ನಲವತ್ತು ವರ್ಷ. ಕಂಪ್ಯೂಟರಿನ ಆಯುಸ್ಸು ಹತ್ತು ವರ್ಷವೂ ಇಲ್ಲ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದರಿಂದ ಈ ಪಾಡು. ಪೋಲೆಂಡಿನ ಗ್ಡಾನ್ಸ್ಕ್ ನಗರದ ಒಂದು ಗ್ಯಾರೇಜಿನಲ್ಲಿ 1982ರ ಮಾದರಿಯ ಕಾಮಡೋರ್ 64 ಎಂಬ ಕಂಪ್ಯೂಟರ್ ಕಾರಿನ ಡ್ರೈವ್ ಶಾಫ್ಟುಗಳನ್ನು ಸಮತೋಲ ಮಾಡುತ್ತಿದೆ ಎಂದು 2016ರಲ್ಲಿ ಪತ್ರಿಕೆಗಳು ಬರೆದಿದ್ದವು. ಅವರ ಉತ್ತರವೂ ಬಹುಶಃ ಇದೇ ಇದ್ದೀತು.

ಅಳಿಯ ಇಲ್ಲಿ ಒಂದು ಮಾತು ಕಡ್ಡಿ ಮುರಿದಂತೆ ಹೇಳಿದ: ಈ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬಾರದು. ಎಕ್ಸ್‌ಪಿಗೆ ಕಂಪನಿಯ ರಕ್ಷಣೆ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ತಗುಲಿ ಬ್ರಿಟನ್ನಿನ ಆಸ್ಪತ್ರೆಗಳು ಕೂಡ ಒದ್ದಾಡಿದವು. ಹಳಬರನ್ನು ಮನೆಯಲ್ಲಿಟ್ಟು ಸಾಕಬೇಕು, ಸಂತೆಗೆ ಕಳಿಸಬಾರದು.

ಎರಡು ಬೀಗದ ಕೈ

ಊರಿನ ಆಚೆ ತುಂಗಭದ್ರಾ ಜಲಾಶಯದ ಹಿನ್ನೀರು. ಅಲ್ಲಿ ಕುಳಿತು ಬುತ್ತಿ ಬಿಚ್ಚಿದಾಗ ಮಾತು ಆ ಜಲಾಶಯದ ಕಡೆಗೇ ಹೋಯಿತು. 1953ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು, 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ನಮ್ಮ ಕಡೆಯ ರೈತರಿಗೆ ಆ ವಾರ ನಿದ್ದೆಯಿಲ್ಲ. ಜಲಾಶಯಗಳ ಗೇಟು ಮಾಡುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆ ಆ ವೇಳೆಗೆ ಮುಚ್ಚಿಹೋಗಿತ್ತು. ಕೊನೆಗೆ ಕರೆಸಿದ್ದು ಯಾರನ್ನು? ಗೇಟುಗಳನ್ನೇ ಉಸಿರಾಡಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಸುತ್ತಲ ಕಾರ್ಖಾನೆಗಳಲ್ಲಿ ಹಲಗೆಯಂಥ ಉಕ್ಕಿನ ತುಂಡುಗಳನ್ನು ಮಾಡಿಸಿ, ನೀರು ಭೋರ್ಗರೆಯುತ್ತಿರುವಾಗಲೇ ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ಗೇಟಿಗೆ ಕಂಪ್ಯೂಟರ್ ಸಂಬಂಧವಿಲ್ಲ. ಆದರೆ ಪಾಠ ಒಂದೇ: ತಿಳಿದವರು ಸಿಕ್ಕರು, ಬದುಕಿದೆವು.

ಇನ್ನೊಂದು ಬಗೆಯ ಉದಾಹರಣೆ ಆಕಾಶದಲ್ಲಿದೆ. 1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಕಂಪ್ಯೂಟರುಗಳ ಮೆಮೊರಿ ಎಲ್ಲ ಸೇರಿ 69 ಕಿಲೋಬೈಟಿನಷ್ಟು. 2023ರ ನವೆಂಬರ್‌ನಲ್ಲಿ ಅದು ಅರ್ಥವಿಲ್ಲದ ಮಾತು ಕಳಿಸತೊಡಗಿತು. ಕಟ್ಟಿದವರಲ್ಲಿ ಅನೇಕರು ಈಗಿಲ್ಲ. ಈಗಿನ ಎಂಜಿನಿಯರುಗಳು ದಶಕಗಳ ಹಿಂದಿನ ಕಾಗದಪತ್ರ ಹುಡುಕಿ ಓದಿದರು. ಒಂದು ಚಿಪ್ ಕೆಟ್ಟಿದೆ ಎಂದು ಕಂಡುಹಿಡಿದು, ಅಲ್ಲಿದ್ದ ಆಜ್ಞೆಗಳನ್ನು ಬೇರೆ ಜಾಗಕ್ಕೆ ಸರಿಸಿದರು. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಸುಮಾರು 45 ಗಂಟೆ! 2024ರ ಏಪ್ರಿಲ್‌ನಲ್ಲಿ ನೌಕೆ ಮತ್ತೆ ಸರಿಯಾಗಿ ಮಾತಾಡಿತು. ಇಲ್ಲಿ ಕಾಪಾಡಿದ್ದು ಬರೆದಿಟ್ಟ ಕಾಗದ.

ಬ್ಯಾಂಕಿನಲ್ಲಿ ಇದಕ್ಕೊಂದು ನಿಯಮವೇ ಇದೆ. ಹಣದ ಕೋಣೆಯ ಬೀಗದ ಕೈ ಎಂದೂ ಒಬ್ಬರ ಹತ್ತಿರ ಇರುವುದಿಲ್ಲ. ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಇನ್ನೊಂದು ಜೊತೆ ಕೈ ಬೇರೆ ಶಾಖೆಯಲ್ಲಿ ಭದ್ರ. ಯಾರ ಮೇಲೂ ಅಪನಂಬಿಕೆಯಿಂದ ಮಾಡಿದ್ದಲ್ಲ ಇದು. ಮನುಷ್ಯನಿಗೆ ಜ್ವರ ಬರುತ್ತದೆ, ವರ್ಗವಾಗುತ್ತದೆ, ವಯಸ್ಸಾಗುತ್ತದೆ. ನನ್ನ ಅಳಿಯನ ಹತ್ತಿರ ಐದು ಊರಿನ ಬೀಗದ ಕೈ ಒಂದೇ ಒಂದು ಜೊತೆ ಇತ್ತು, ಅದೂ ತಲೆಯೊಳಗೆ. ಆದ್ದರಿಂದ ನಮ್ಮ ಪುಸ್ತಕಕ್ಕೆ ಬ್ಯಾಂಕಿನ ಕಾನೂನನ್ನೇ ತಂದೆವು. ಪ್ರತಿ ಯಂತ್ರದ ಗುಟ್ಟು ಇಬ್ಬರಿಗೆ ಗೊತ್ತಿರಬೇಕು. ಪ್ರತಿ ಪ್ರೋಗ್ರಾಮಿಗೆ ಎರಡು ಪ್ರತಿ, ಒಂದು ಆ ಊರಲ್ಲಿ, ಇನ್ನೊಂದು ಬೇರೆ ಊರಲ್ಲಿ. ಕೊಟ್ಟೂರಿನ ಪ್ರತಿ ಹಡಗಲಿಯ ಕಸೂತಿ ಅಂಗಡಿಯ ಬೀರುವಿನಲ್ಲಿದೆ. ಹಡಗಲಿಯದು ಕೊಟ್ಟೂರಿನ ಮಿಲ್ಲಿನಲ್ಲಿ.

ಬರೆದ ಲೆಕ್ಕ ತಾಳೆ ನೋಡದೆ ಬಿಡಬಾರದಲ್ಲ? ವರ್ಕ್‌ಶಾಪ್ ಮಾಲೀಕರ ಮಗಳು ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾಳೆ. ಎಕ್ಸ್‌ಪಿ ಕಂಪ್ಯೂಟರಿನ ಡಿಸ್ಕ್ ತೆಗೆದು ಪ್ರತಿಯ ಡಿಸ್ಕ್ ಹಾಕುವ ಕೆಲಸವನ್ನು ಅವಳಿಗೆ ಕೊಟ್ಟೆವು. ಕೈಯಲ್ಲಿ ನನ್ನ ಪುಸ್ತಕ. ಅಳಿಯ ಬಾಯಿ ಬಿಡಬಾರದೆಂಬ ಷರತ್ತು. ಪುಟ 41ರಲ್ಲಿ ಅವಳು ನಿಂತಳು. "ಅಜ್ಜಾ, 'ಬಿಳಿ ಕೇಬಲ್' ಅಂತ ಬರ್ದೀರಿ. ಇಲ್ಲಿ ಎರಡು ಬಿಳಿ ಅದಾವ." ಅಳಿಯ ತುಟಿ ಕಚ್ಚಿಕೊಂಡು ಸುಮ್ಮನಿದ್ದ. ಅವಳೇ ಎರಡರ ತುದಿಯನ್ನೂ ನೋಡಿ, ಅಗಲವಾದದ್ದನ್ನು ಡಿಸ್ಕಿಗೆ ಚುಚ್ಚಿದಳು. ಪರದೆ ಬೆಳಗಿತು. ಯಂತ್ರದ ಕೈ ಸರಿದು ತಗಡಿನ ಮೇಲೆ ಗುಳದ ಆಕಾರ ಬರೆಯಿತು.

ಅವಳು ನನ್ನ ಪೆನ್ನು ಇಸಿದುಕೊಂಡು ಪುಟ 41ರಲ್ಲಿ "ಬಿಳಿ" ಎಂಬುದರ ಮುಂದೆ "ಅಗಲವಾದದ್ದು" ಎಂದು ಸೇರಿಸಿ, ಕೆಳಗೆ ತಾರೀಖು ಹಾಕಿ ಸಹಿ ಮಾಡಿದಳು. ಆ ಪುಟಕ್ಕೆ ಈಗ ಎರಡು ಸಹಿಗಳಿವೆ.